ದಾನದ ಕಲ್ಲು, ದಾನದ ಆ್ಯಪ್ (ಭಾಗ 4)

ಮಾಗಡಿ, ಚನ್ನಪಟ್ಟಣ, ಕನಕಪುರ ಕಡೆಯ ಶಾಸನಗಳನ್ನ ಬಿ.ಎಲ್. ರೈಸ್ 1905ರಲ್ಲೇ ಅಚ್ಚು ಹಾಕಿಸಿದ್ರು, ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟದಲ್ಲಿ. (ನಮ್ಮ ರಾಮನಗರ ಆಗಿನ್ನೂ ಕ್ಲೋಸ್‌ಪೇಟೆ!) ಎಷ್ಟೋ ದಾನಶಾಸನಗಳಲ್ಲಿ ಕೊಟ್ಟೋರು, ಪಡೆದೋರು, ಯಾತಕ್ಕೆ, ಜಮೀನಿನ ಎಲ್ಲೆ, ಕಿತ್ಕೊಂಡೋರಿಗೆ ಶಾಪ, ಎಲ್ಲಾ ಒಂದೇ ಕಲ್ಲಲ್ಲಿ.

ಈಗ ಆ ಕೆಲಸ ಹಂಚಿಹೋಗಿದೆ. ಸಂಸ್ಥೆಯ ಮನವಿಪತ್ರ ಒಂದು ಸಾಫ್ಟ್‌ವೇರ್‌ನಲ್ಲಿ, ದೇಣಿಗೆ ಲೆಕ್ಕ ಇನ್ನೊಂದರಲ್ಲಿ. 2011ರಲ್ಲಿ ಅಮೆರಿಕದಲ್ಲಿ ಶುರುವಾದ ಝೇಪಿಯರ್ ಥರದವು ಕೋಡ್ ಬರೀದೇ ಎರಡನ್ನೂ ಜೋಡಿಸ್ತವೆ: ದಾನಿ ಸಹಿ ಹಾಕಿದ ಕೂಡ್ಲೇ ವಿವರ ತಾನಾಗೇ ಅಲ್ಲಿಗೆ. ಆದ್ರೆ ನಾವು ಜೋಡಿಸಿದ ಕಾಲಂ ಮಾತ್ರ ಹೋಗೋದು. ಹೆಸರು, ಮೊತ್ತ ಜೋಡಿಸಿ ‘ಯಾತಕ್ಕೆ’ ಅನ್ನೋದನ್ನ ಬಿಟ್ರೆ, ಹಾಸ್ಟೆಲ್ ಊಟಕ್ಕೆ ಅಂತ ಕೊಟ್ಟ ದುಡ್ಡು ಲೆಕ್ಕದಲ್ಲಿ ಬರೀ ‘ದೇಣಿಗೆ’. ಅದರಲ್ಲಿ ಆಫೀಸಿಗೆ ಸುಣ್ಣಬಣ್ಣ ಮಾಡಿಸಿದ್ರೂ ಲೆಕ್ಕ ಸರಿಯಾಗೇ ಕೂಡುತ್ತೆ.