ವಾಟನ ಪೇಟೆಂಟು: ಒಂದು ಹಕ್ಕಿನ ವ್ಯವಹಾರ ಚರಿತ್ರೆ

ಜೇಮ್ಸ್ ವಾಟನ ಉಗಿಯಂತ್ರದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಯಂತ್ರದ ಮೇಲಿನ ಹಕ್ಕು ಮೂವತ್ತೊಂದು ವರ್ಷಗಳ ಕಾಲ ಹೇಗೆ ಪಾಲಾಯಿತು, ಹೇಗೆ ಕೈ ಬದಲಿಸಿತು, ಯಾವ ಲೆಕ್ಕದಿಂದ ಹಣವಾಯಿತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಬುದ್ಧಿಯ ಫಲವೂ ಹೊಲಮನೆಗಳಂತೆ ಒಂದು ಸ್ವತ್ತೆಂಬ ಭಾವನೆಯು ವ್ಯವಹಾರದಲ್ಲಿ ಬೇರೂರಿದ ಬಗೆಯನ್ನು ತಿಳಿಯಲು ಇದು ಉತ್ತಮ ನಿದರ್ಶನವಾಗಿದೆ.

ನ್ಯೂಕಮನ್ನನ ಹಳೆಯ ಯಂತ್ರದಲ್ಲಿ ಒಂದೇ ಸಿಲಿಂಡರನ್ನು ಪ್ರತಿ ಸಲವೂ ಕಾಯಿಸಿ ತಣಿಸಬೇಕಾಗಿದ್ದುದರಿಂದ ಕಲ್ಲಿದ್ದಲು ವಿಪರೀತವಾಗಿ ವ್ಯಯವಾಗುತ್ತಿತ್ತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಬಹುದೆಂಬ ವಿಚಾರವು ವಾಟನಿಗೆ ಹೊಳೆದದ್ದು 1765ರಲ್ಲಿ. ಹೊಸ ಶೋಧಕ್ಕೆ ಹದಿನಾಲ್ಕು ವರ್ಷಗಳ ಏಕಸ್ವಾಮ್ಯವನ್ನು ಕೊಡಲು ಇಂಗ್ಲೆಂಡಿನ 1624ರ ಶಾಸನವು ಅವಕಾಶವಿತ್ತಿತ್ತು. ಅದರಂತೆ 1769ರ ಜನವರಿ 5ರಂದು ಅವನಿಗೆ ಪೇಟೆಂಟು ದೊರೆಯಿತು. ಆದರೆ ಪ್ರಯೋಗಗಳಿಗೆ ಹಣವಿರಲಿಲ್ಲ. ಜಾನ್ ರೋಬಕ್ ಎಂಬ ಉದ್ಯಮಿಯು ವಾಟನ ಸುಮಾರು ಸಾವಿರ ಪೌಂಡುಗಳ ಸಾಲವನ್ನು ವಹಿಸಿಕೊಂಡು, ಪ್ರತಿಯಾಗಿ ಪೇಟೆಂಟಿನ ಮೂರರಲ್ಲಿ ಎರಡು ಪಾಲನ್ನು ಪಡೆದನು. 1773ರಲ್ಲಿ ರೋಬಕನು ದಿವಾಳಿಯಾದಾಗ ಸಾಲಗಾರರಿಗೆ ಈ ಪಾಲು ಕಾಸಿಗೂ ಬಾಳದ ವಸ್ತುವಾಗಿ ತೋರಿತು. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನನು ಮಾತ್ರ ತನಗೆ ಬರಬೇಕಾಗಿದ್ದ 1,200 ಪೌಂಡುಗಳಿಗೆ ಬದಲಾಗಿ ಅದನ್ನೇ ಸ್ವೀಕರಿಸಿದನು.

ಅಷ್ಟರಲ್ಲಿ ಅವಧಿಯು ಕರಗುತ್ತಿತ್ತು. ಮಾರಾಟಯೋಗ್ಯವಾದ ಒಂದು ಯಂತ್ರವೂ ಸಿದ್ಧವಾಗಿರಲಿಲ್ಲ. ವಾಟನ ಪ್ರಾರ್ಥನೆಯ ಮೇರೆಗೆ, ವಿರೋಧದ ನಡುವೆಯೂ, ಪಾರ್ಲಿಮೆಂಟು 1775ರಲ್ಲಿ ವಿಶೇಷ ಶಾಸನದ ಮೂಲಕ ಹಕ್ಕನ್ನು 1800ರವರೆಗೆ ವಿಸ್ತರಿಸಿತು. ಅದರ ಬಲದಿಂದಲೇ ಇಬ್ಬರ ಪಾಲುಗಾರಿಕೆ ನೆಲೆಗೊಂಡಿತು. ಮೊದಲ ಯಂತ್ರಗಳು 1776ರಲ್ಲಿ ನಡೆಯತೊಡಗಿದವು.

ಈ ಪಾಲುಗಾರರು ಬಹುಕಾಲ ಇಡೀ ಯಂತ್ರವನ್ನು ತಯಾರಿಸಿ ಮಾರಲಿಲ್ಲವೆಂಬುದು ಗಮನಾರ್ಹ. ಅವರು ನಕ್ಷೆಗಳನ್ನೂ ಕೆಲವು ಸೂಕ್ಷ್ಮ ಭಾಗಗಳನ್ನೂ ಒದಗಿಸಿ, ಜೋಡಣೆಯ ಮೇಲ್ವಿಚಾರಣೆ ನಡೆಸುತ್ತಿದ್ದರು. ಅವರು ಮಾರಿದ್ದು ಬಳಸುವ ಅನುಮತಿಯನ್ನು. ಹಳೆಯ ಯಂತ್ರಕ್ಕಿಂತ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಭಾಗವು ಅವರ ರಾಯಲ್ಟಿ. ಕಲ್ಲಿದ್ದಲಿಲ್ಲದ ಕಾರ್ನ್‌ವಾಲಿನ ಗಣಿಗಳಿಗೆ ಈ ಉಳಿತಾಯವು ಪ್ರಾಣಪ್ರಾಯವಾಗಿತ್ತು. ಯಂತ್ರದ ತೊಲೆಯು ಎಷ್ಟು ಸಲ ಏರಿಳಿಯಿತೆಂಬುದನ್ನು ಎಣಿಸಲು, ಬೀಗ ಹಾಕಿದ ಪೆಟ್ಟಿಗೆಯೊಳಗೆ ಒಂದು ಎಣಿಕೆಯ ಸಾಧನವನ್ನಿಟ್ಟಿದ್ದರು. ಗಿರಣಿಗಳ ಚಕ್ರಗಳನ್ನು ತಿರುಗಿಸುವ ಯಂತ್ರಗಳು ಬಂದ ಮೇಲೆ ಈ ಲೆಕ್ಕ ಸಾಲದಾಯಿತು. ಏಕೆಂದರೆ ಅಲ್ಲಿ ಉಗಿಯು ಕುದುರೆಗಳ ಸ್ಥಾನಕ್ಕೆ ಬಂದಿತ್ತು. ಆದಕಾರಣ ನಿಮಿಷಕ್ಕೆ 33,000 ಅಡಿ-ಪೌಂಡುಗಳನ್ನು ಒಂದು ಅಶ್ವಶಕ್ತಿಯೆಂದು ಗೊತ್ತುಮಾಡಿ, ಅಶ್ವಶಕ್ತಿಗೆ ಇಷ್ಟೆಂದು ವಾರ್ಷಿಕ ಹಣವನ್ನು ವಿಧಿಸಿದರು. ಇಂದು ವಿಜ್ಞಾನದ ಪುಸ್ತಕಗಳಲ್ಲಿರುವ ಈ ಮಾನವು ವಸೂಲಿಯ ಲೆಕ್ಕದಲ್ಲಿಯೂ ದುಡಿದಿದೆ.

ಕೊಡುವವರಿಗೆ ಈ ಕಪ್ಪ ಕಹಿಯಾಯಿತು. ಎಡ್ವರ್ಡ್ ಬುಲ್, ಜೊನಾಥನ್ ಹಾರ್ನ್‌ಬ್ಲೋವರ್ ಮೊದಲಾದವರ ಬೇರೆ ರೀತಿಯ ಯಂತ್ರಗಳಿಗೆ ಗಣಿಗಳವರು ಆಶ್ರಯವಿತ್ತರು, ಬಾಕಿಯನ್ನೂ ತಡೆಹಿಡಿದರು. ವಿವಾದದ ಮರ್ಮವಿದು: ವಾಟನು ತನ್ನ ವಿವರಣಪತ್ರದಲ್ಲಿ ವಿಧಾನವನ್ನು ಹೇಳಿದ್ದನೇ ಹೊರತು ಯಂತ್ರದ ನಕ್ಷೆಯನ್ನು ಕೊಟ್ಟಿರಲಿಲ್ಲ. ಬರಿಯ ತತ್ತ್ವಕ್ಕೆ ಒಡೆತನವುಂಟೆ? 1795ರಲ್ಲಿ, ಬುಲ್ಲನ ಮೊಕದ್ದಮೆಯಲ್ಲಿ, ನಾಲ್ವರು ನ್ಯಾಯಾಧೀಶರು ಇಬ್ಬರಿಬ್ಬರಾಗಿ ಒಡೆದರು. 1799ರಲ್ಲಿ ಮತ್ತೊಂದು ನ್ಯಾಯಾಲಯವು ಪೇಟೆಂಟನ್ನು ಎತ್ತಿಹಿಡಿದ ಮೇಲೆಯೇ ತಡೆದ ಬಾಕಿಗಳು ಕೈಗೆ ಬಂದವು. ಮರುವರ್ಷವೇ ಅವಧಿ ತೀರಿತು.

ಈ ದೀರ್ಘ ಏಕಸ್ವಾಮ್ಯವು ಪ್ರಗತಿಗೆ ಪೋಷಕವಾಯಿತೋ ಮಾರಕವಾಯಿತೋ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ರಕ್ಷಣೆಯಿಲ್ಲದಿದ್ದರೆ ಬೋಲ್ಟನನು ಅಷ್ಟು ಬಂಡವಾಳವನ್ನು ಹೂಡುತ್ತಿದ್ದನೆಂದು ಹೇಳುವುದು ಕಷ್ಟ. ಇನ್ನೊಂದೆಡೆ, 1800ರ ತರುವಾಯ ಕಾರ್ನ್‌ವಾಲಿನ ಯಂತ್ರಶಿಲ್ಪಿಗಳು ಅಧಿಕ ಒತ್ತಡದ ಉಗಿಯನ್ನು ನಿರ್ಭೀತರಾಗಿ ಬಳಸಿದರು. 1811ರಿಂದ ಪ್ರತಿ ಯಂತ್ರದ ಕಾರ್ಯಕ್ಷಮತೆಯನ್ನು ತಿಂಗಳು ತಿಂಗಳೂ ಅಚ್ಚುಹಾಕಿಸಿ ಪರಸ್ಪರ ಹಂಚಿಕೊಂಡರು. ಯಂತ್ರಗಳು ಒಂದನ್ನೊಂದು ಮೀರಿಸಿದವು. ಒಂದು ಕಾಲದಲ್ಲಿ ಬೀಗದ ಪೆಟ್ಟಿಗೆಯಲ್ಲಿದ್ದ ಲೆಕ್ಕವು ಹೀಗೆ ಎಲ್ಲರ ಓದಿಗೂ ತೆರೆದುಕೊಂಡಿತು. ಹಕ್ಕಿಗೆ ಆರಂಭವಿರುವಂತೆ ಅಂತ್ಯವೂ ಇರಬೇಕೆಂದು ಶಾಸನವು ವಿಧಿಸಿದ್ದರ ಔಚಿತ್ಯವನ್ನು ಇವೆರಡು ಲೆಕ್ಕಗಳೂ ಒಟ್ಟಾಗಿ ತೋರಿಸುತ್ತವೆ.