ಹೆವಿ ಮೆಟಲ್‌ಗೆ ಯಾವ ಟ್ಯೂಬ್ ಆಂಪ್ ಸರಿ? ‘ರೆಕ್ಟಿಫೈಯರ್’ ಮತ್ತು ‘5150’ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

“120 ವ್ಯಾಟ್‌ನ ಆಂಪ್ ಮುಂದೆ 100 ವ್ಯಾಟ್‌ನದು ಏನೂ ಅಲ್ಲ”, “ಗೇನ್ ಪೂರ್ತಿ ತಿರುಗಿಸಿದರೆ ಮಾತ್ರ ಹೆವಿ ಸೌಂಡ್”, “ಹಳೆಯ 5150 ಸಿಕ್ಕರೆ ಎಷ್ಟಾದರೂ ಕೊಟ್ಟು ತಗೊಳ್ಳಿ”. ಗಿಟಾರ್ ನುಡಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳಿಗೆ ಕೊರತೆಯಿಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ನುಡಿಸಿದ ಬೆಂಗಳೂರಿನಲ್ಲಿ ಈ ಚರ್ಚೆ ಹೊಸದೇನಲ್ಲ. ಆದರೆ ಫಾರ್ವರ್ಡ್ ನಂಬಿ ದೊಡ್ಡ ಮೊತ್ತ ಖರ್ಚು ಮಾಡುವ ಮುನ್ನ ಇವುಗಳಲ್ಲಿ ಎಷ್ಟು ಹುರುಳಿದೆ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ: ಎರಡೂ ಒಳ್ಳೆಯ ಆಂಪ್‌ಗಳೇ. ಎರಡರ ನಡುವೆ ವ್ಯತ್ಯಾಸ ಇದೆ, ಆದರೆ ಫಾರ್ವರ್ಡ್‌ಗಳು ಹೇಳುವ ಕಾರಣಕ್ಕಲ್ಲ.

ಟ್ಯೂಬ್ ಆಂಪ್ ಎಂದರೇನು?

ಅಜ್ಜನ ಕಾಲದ ವಾಲ್ವ್ ರೇಡಿಯೊ ನೆನಪಿದೆಯೇ? ಸ್ವಿಚ್ ಹಾಕಿದ ಮೇಲೆ ಬಿಸಿಯಾಗುವವರೆಗೆ ಅದು ಮಾತಾಡುತ್ತಿರಲಿಲ್ಲ. ಗಿಟಾರ್‌ನ ಟ್ಯೂಬ್ ಆಂಪ್‌ನಲ್ಲಿರುವುದೂ ಅಂಥ ಗಾಜಿನ ವಾಲ್ವ್‌ಗಳೇ. ಗಿಟಾರ್‌ನಿಂದ ಬರುವ ಸಣ್ಣ ಸಿಗ್ನಲ್ಲನ್ನು ಇವು ಹಂತ ಹಂತವಾಗಿ ದೊಡ್ಡದು ಮಾಡುತ್ತವೆ. ಒಂದು ಹಂತ ತಾಳುವುದಕ್ಕಿಂತ ದೊಡ್ಡ ಸಿಗ್ನಲ್ ಬಂದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ನಾವು ‘ಡಿಸ್ಟಾರ್ಷನ್’ ಎಂದು ಕರೆಯುವುದು ಅದನ್ನೇ. ‘ಹೈ-ಗೇನ್’ ಆಂಪ್‌ಗಳಲ್ಲಿ ಈ ಕತ್ತರಿಸುವಿಕೆ ಒಂದರ ಹಿಂದೆ ಒಂದರಂತೆ ಹಲವು ಹಂತಗಳಲ್ಲಿ ನಡೆಯುತ್ತದೆ.

ಯಾವುವು ಈ ಎರಡು ಆಂಪ್‌ಗಳು?

ಒಂದು, ಕ್ಯಾಲಿಫೋರ್ನಿಯಾದ ಮೆಸಾ ಬೂಗಿ ಕಂಪನಿಯ ಡ್ಯುಯಲ್ ರೆಕ್ಟಿಫೈಯರ್. 1990ರ ದಶಕದ ಆರಂಭದಲ್ಲಿ ಬಂದ ಇದು 100 ವ್ಯಾಟ್‌ನದು. ಇನ್ನೊಂದು, ಪೀವಿ ಕಂಪನಿ ಎಡ್ಡಿ ವ್ಯಾನ್ ಹೇಲನ್ ಜೊತೆ ಸೇರಿ 1992ರಲ್ಲಿ ತಂದ 120 ವ್ಯಾಟ್‌ನ 5150. ಸಾಮಾನ್ಯವಾಗಿ ಎರಡರಲ್ಲೂ ನಾಲ್ಕು 6ಎಲ್6 ಪವರ್ ಟ್ಯೂಬ್‌ಗಳಿರುತ್ತವೆ. ಎರಡರ ಪ್ರಿಆಂಪ್ ಸರ್ಕ್ಯೂಟ್ ಬಿಡಿಸಿ ನೋಡಿದರೆ 1980ರ ದಶಕದ ಸೋಲ್ಡಾನೊ ಎಸ್‌ಎಲ್‌ಒ-100 ಆಂಪ್‌ನ ಛಾಯೆ ಎದ್ದು ಕಾಣುತ್ತದೆ. ಅಂದರೆ ಜಾಲತಾಣಗಳಲ್ಲಿ ಬದ್ಧವೈರಿಗಳಂತೆ ಕಾಣುವ ಈ ಎರಡೂ ದಾಯಾದಿಗಳೇ!

ಮಾತು 1: “120 ವ್ಯಾಟ್ ಇರುವುದರಿಂದ 5150 ಹೆಚ್ಚು ಜೋರು”

ನಿಜವೇನು: ವ್ಯಾಟ್ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಸದ್ದು ಹೆಚ್ಚುವುದಿಲ್ಲ. 100ರಿಂದ 120 ವ್ಯಾಟ್‌ಗೆ ಹೋದರೆ ಏರುವುದು 1 ಡೆಸಿಬೆಲ್‌ಗಿಂತಲೂ ಕಡಿಮೆ. ಕಿವಿಗೆ ಅದು ಗೊತ್ತಾಗುವುದೇ ಕಷ್ಟ. ವ್ಯಾಟ್ ದುಪ್ಪಟ್ಟಾದರೂ ಸಿಗುವುದು 3 ಡೆಸಿಬೆಲ್ ಮಾತ್ರ. ಸದ್ದು ದುಪ್ಪಟ್ಟಾದಂತೆ ಕೇಳಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ವ್ಯಾಟ್ ನೋಡಿ ಇವೆರಡರಲ್ಲಿ ಒಂದನ್ನು ಆರಿಸುವುದರಲ್ಲಿ ಅರ್ಥವಿಲ್ಲ.

ಮಾತು 2: “ರೆಕ್ಟಿಫೈಯರ್ ಟ್ಯೂಬ್ ಇರುವುದರಿಂದಲೇ ಮೆಸಾ ಹೆವಿ”

ನಿಜವೇನು: ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಭಾಗವೇ ರೆಕ್ಟಿಫೈಯರ್. ಡ್ಯುಯಲ್ ರೆಕ್ಟಿಫೈಯರ್‌ನಲ್ಲಿ ಈ ಕೆಲಸಕ್ಕೆ ಟ್ಯೂಬ್ ಬೇಕೋ ಸಿಲಿಕಾನ್ ಡಯೋಡ್ ಬೇಕೋ ಎಂದು ಸ್ವಿಚ್ ಮೂಲಕ ಆರಿಸಬಹುದು. ಹೆಸರು ಬಂದದ್ದೇ ಇದರಿಂದ. ಟ್ಯೂಬ್ ಆರಿಸಿದಾಗ, ಆಂಪ್ ಜೋರಾಗಿ ದುಡಿಯುವ ಹೊತ್ತಿನಲ್ಲಿ ವೋಲ್ಟೇಜ್ ಸ್ವಲ್ಪ ಕುಸಿದು ಸದ್ದು ಮೆತ್ತಗಾಗುತ್ತದೆ. ವೇಗದ, ಬಿಗಿಯಾದ ರಿಫ್‌ಗಳಿಗೆ ಡಯೋಡ್ ಹೆಚ್ಚು ಅನುಕೂಲ. ಮನೆಯಲ್ಲಿ ಸಣ್ಣ ದನಿಯಲ್ಲಿ ನುಡಿಸುವಾಗ ಇವೆರಡರ ವ್ಯತ್ಯಾಸ ಕೇಳಿಸುವುದೇ ಅಪರೂಪ. ಹೆವಿ ಸದ್ದು ಹುಟ್ಟುವುದು ಮುಖ್ಯವಾಗಿ ಪ್ರಿಆಂಪ್‌ನಲ್ಲಿ.

ಮಾತು 3: “ಗೇನ್ ಹೆಚ್ಚಿಸಿದಷ್ಟೂ ಹೆವಿ”

ನಿಜವೇನು: ಒಂದು ಮಿತಿ ದಾಟಿದ ಮೇಲೆ ಆಗುವುದು ತದ್ವಿರುದ್ಧ. ಗೇನ್ ಅತಿಯಾದರೆ ಜೋರಾದ ಪೆಟ್ಟಿಗೂ ಮೆಲ್ಲನೆಯ ಪೆಟ್ಟಿಗೂ ವ್ಯತ್ಯಾಸವೇ ಉಳಿಯದು, ಸ್ವರಗಳು ಕಲಸುಮೇಲೋಗರ ಆಗುತ್ತವೆ, ಜೊತೆಗೆ ‘ಸ್ಸ್’ ಎಂಬ ಗಲಾಟೆ. ಮೆಟಲ್ ಗಿಟಾರಿಸ್ಟರು ಆಂಪ್‌ನ ಗೇನ್ ತಗ್ಗಿಸಿ, ಮುಂದೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲ್ ಇಡುವುದು ಇದೇ ಕಾರಣಕ್ಕೆ. ಪೆಡಲ್‌ನ ಡ್ರೈವ್ ಹೆಚ್ಚೂಕಡಿಮೆ ಸೊನ್ನೆಯಲ್ಲಿ, ಲೆವೆಲ್ ಮೇಲೆ. ಇದು ಡಿಸ್ಟಾರ್ಷನ್ ಆಗುವ ಮೊದಲೇ ಬೇಸ್ ಕಡಿಮೆ ಮಾಡುವುದರಿಂದ ಸದ್ದು ಬಿಗಿಯಾಗುತ್ತದೆ.

ಮಾತು 4: “ಹಳೆಯ 5150 ಬೇರೆ, ಈಗಿನ 6505 ಬೇರೆ”

ನಿಜವೇನು: 2004ರಲ್ಲಿ ವ್ಯಾನ್ ಹೇಲನ್ ಪೀವಿಯಿಂದ ದೂರವಾದಾಗ ‘5150’ ಎಂಬ ಹೆಸರೂ ಅವರ ಜೊತೆ ಹೋಯಿತು. ಪೀವಿ ಶುರುವಾದದ್ದು 1965ರಲ್ಲಿ, 40 ವರ್ಷ ತುಂಬಿದ್ದು 2005ರಲ್ಲಿ. ಆ ಎರಡು ಇಸವಿಗಳನ್ನು ಸೇರಿಸಿ 6505 ಎಂದು ಹೊಸ ಹೆಸರಿಟ್ಟರು. ಸರ್ಕ್ಯೂಟ್ ಮೂಲತಃ ಅದೇ. ಬರೀ ಹೆಸರಿಗಾಗಿ ಹೆಚ್ಚು ಹಣ ಕೊಡುವುದು ಸಂಗ್ರಾಹಕರ ಲೆಕ್ಕಾಚಾರ, ನುಡಿಸುವವರದ್ದಲ್ಲ. ನಿಜವಾದ ವ್ಯತ್ಯಾಸ ಇರುವುದು 5150 ಮತ್ತು 5150 II ನಡುವೆ. ಮೊದಲನೆಯದರಲ್ಲಿ ಎರಡೂ ಚಾನೆಲ್‌ಗಳಿಗೆ ಸೇರಿ ಒಂದೇ ಇಕ್ಯೂ, ಎರಡನೆಯದರಲ್ಲಿ ಬೇರೆ ಬೇರೆ. 6505 ಪ್ಲಸ್ ಈ ಎರಡನೆಯದರ ಮುಂದುವರಿಕೆ.

ಹಾಗಾದರೆ ಯಾವುದನ್ನು ಆರಿಸಬೇಕು?

ವೇಗದ ಥ್ರ್ಯಾಶ್, ಡೆತ್ ಮೆಟಲ್, ಚುರುಕಾದ ಪಾಮ್ ಮ್ಯೂಟ್ ನಿಮ್ಮ ಶೈಲಿಯಾದರೆ 5150 ಅಥವಾ 6505 ಹೆಚ್ಚು ಒಗ್ಗುತ್ತದೆ. ಇದರ ಮಿಡ್ ಒರಟು, ಬ್ಯಾಂಡ್ ನಡುವೆಯೂ ಗಿಟಾರ್ ಕೇಳಿಸುತ್ತದೆ. ಕೊರತೆ ಎಂದರೆ ಕ್ಲೀನ್ ಸೌಂಡ್ ಸಾಧಾರಣ, ಗಲಾಟೆ ಹೆಚ್ಚು. ನಾಯ್ಸ್ ಗೇಟ್ ಇಲ್ಲದೆ ಕಷ್ಟ.

ನಿಧಾನದ, ಭಾರದ ರಿಫ್‌ಗಳು, ನು-ಮೆಟಲ್, ದಪ್ಪನೆಯ ಗೋಡೆಯಂಥ ಸದ್ದು ಬೇಕಾದರೆ ರೆಕ್ಟಿಫೈಯರ್. ಇದರ ಬೇಸ್ ದೊಡ್ಡದು, ಆದರೆ ಸಡಿಲ. ಬೇಸ್ ನಾಬ್ ತಗ್ಗಿಸಿ, ಮಿಡ್ ಏರಿಸಿ, ಪೆಡಲ್ ಸೇರಿಸಿದರೆ ಬಿಗಿಯಾಗುತ್ತದೆ. ಕ್ಲೀನ್ ಸೌಂಡ್ ಕೂಡ ಮುಖ್ಯವಾದರೆ ಮೂರು ಚಾನೆಲ್‌ನ ಮಾದರಿ ಒಳ್ಳೆಯದು.

ಇನ್ನೊಂದು ಮಾತು. ಹಣ ಸೀಮಿತವಾಗಿದ್ದರೆ ಸ್ಪೀಕರ್ ಕ್ಯಾಬಿನೆಟ್‌ಗೂ ಒಂದು ಪಾಲು ಎತ್ತಿಡಿ. ಒಂದೇ ಆಂಪ್ ಬೇರೆ ಸ್ಪೀಕರ್‌ನಲ್ಲಿ ಬೇರೆ ಆಂಪ್‌ನಂತೆಯೇ ಕೇಳಿಸಬಹುದು.

ಫಾರ್ವರ್ಡ್‌ಗಳು ಹೇಳದ ಅಪಾಯಗಳು

ವಿದ್ಯುತ್: ಅಮೆರಿಕದಲ್ಲಿ ಮನೆಗೆ ಬರುವುದು 120 ವೋಲ್ಟ್, ನಮ್ಮಲ್ಲಿ 230 ವೋಲ್ಟ್. ಅಲ್ಲಿರುವ ನೆಂಟರ ಮೂಲಕ ಅಗ್ಗಕ್ಕೆ ತರಿಸಿಕೊಂಡ ಆಂಪನ್ನು ನೇರವಾಗಿ ಪ್ಲಗ್‌ಗೆ ಹಾಕಿದರೆ ಫ್ಯೂಸ್ ಅಷ್ಟೇ ಅಲ್ಲ, ಆಂಪೂ ಸುಟ್ಟುಹೋಗಬಹುದು. ಹಿಂಬದಿಯಲ್ಲಿ ಬರೆದ ವೋಲ್ಟೇಜ್ ಮೊದಲು ಓದಿ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ ಅದರ ಸಾಮರ್ಥ್ಯ ಆಂಪ್ ಎಳೆಯುವ ವಿದ್ಯುತ್ತಿಗಿಂತ ಸಾಕಷ್ಟು ಹೆಚ್ಚಿರಲಿ.

ಅರ್ತಿಂಗ್: ಗುಯ್ಯ್ ಎನ್ನುವ ಸದ್ದು ಹೋಗಲಿ ಎಂದು ಅರ್ತ್ ಪಿನ್ ಕತ್ತರಿಸುವ ‘ಟಿಪ್’ ಎಂದಿಗೂ ಪಾಲಿಸಬೇಡಿ. ಆಂಪ್‌ನಲ್ಲಿ ದೋಷ ಬಂದರೆ ಕರೆಂಟ್ ನಿಮ್ಮ ಗಿಟಾರ್ ತಂತಿಗೇ ಬರುತ್ತದೆ. ಒಂದು ಕೈ ತಂತಿಯ ಮೇಲೆ, ತುಟಿ ಮೈಕ್ ಮೇಲೆ ಇದ್ದರೆ ಪ್ರಾಣಕ್ಕೇ ಕುತ್ತು.

ಒಳಗಿನ ವೋಲ್ಟೇಜ್: ಟ್ಯೂಬ್ ಆಂಪ್ ಒಳಗೆ 400 ವೋಲ್ಟ್‌ಗೂ ಹೆಚ್ಚು ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ವಿಡಿಯೊ ನೋಡಿ ಬಿಚ್ಚಲು ಹೋಗಬೇಡಿ, ಬಲ್ಲ ಮೆಕ್ಯಾನಿಕ್ ಕೈಗೆ ಕೊಡಿ.

ಸ್ಪೀಕರ್: ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು. ಆಂಪ್ ಮತ್ತು ಕ್ಯಾಬಿನೆಟ್‌ನ ಓಮ್ ಸಂಖ್ಯೆ ಹೊಂದಬೇಕು.

ಕಿವಿ: ಮೆಸಾ ಕ್ಯಾಬಿನೆಟ್‌ಗಳಲ್ಲಿ ಸಾಮಾನ್ಯವಾಗಿರುವ ಸೆಲೆಶನ್ ವಿಂಟೇಜ್ 30 ಸ್ಪೀಕರ್‌ಗೆ ಕೇವಲ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಸದ್ದು. ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು ಬರೀ 15 ನಿಮಿಷ. ಒಳಕಿವಿಯ ಕೂದಲುಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನುಡಿಸಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಇಯರ್‌ಪ್ಲಗ್‌ಗೆ ಆಗುವ ಖರ್ಚು ಆಂಪ್ ಮುಂದೆ ಏನೇನೂ ಅಲ್ಲ.

ತೀರ್ಮಾನ

“ಇದೇ ಶ್ರೇಷ್ಠ, ಅದು ಕಸ” ಎನ್ನುವ ಫಾರ್ವರ್ಡ್ ತಪ್ಪು. ಬಿಗಿ ಮತ್ತು ವೇಗ ಬೇಕಾದರೆ 5150 ಅಥವಾ 6505, ದಪ್ಪ ಮತ್ತು ಭಾರ ಬೇಕಾದರೆ ರೆಕ್ಟಿಫೈಯರ್. ಸಾಧ್ಯವಾದರೆ ನಿಮ್ಮದೇ ಗಿಟಾರ್ ಒಯ್ದು, ಒಂದೇ ಕ್ಯಾಬಿನೆಟ್‌ನಲ್ಲಿ, ಸದ್ದಿನ ಮಟ್ಟ ಸಮ ಮಾಡಿಕೊಂಡು ಎರಡನ್ನೂ ಕೇಳಿ. ಸ್ವಲ್ಪ ಜೋರಾಗಿರುವುದೇ ನಮಗೆ ಚೆನ್ನಾಗಿ ಕೇಳಿಸುವುದರಿಂದ ಸಮ ಮಾಡಿಕೊಳ್ಳದಿದ್ದರೆ ಹೋಲಿಕೆ ದಾರಿ ತಪ್ಪುತ್ತದೆ. ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ ಅರ್ತಿಂಗ್ ಮತ್ತು ಇಯರ್‌ಪ್ಲಗ್ ವಿಷಯ ಮಾಡಿ. ಆಂಪ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಕಿವಿಗೆ ಆ ಅವಕಾಶವಿಲ್ಲ.