ಗಾಡಿಗೊಂದು ಮೂಗು, ಮೂಗಿಗೊಂದು ತೂತು

ಕಟಗಿ ಒಲಿ ಮುಂದ ಕೂತು ಊದುಗೊಳವಿ ಊದಿದವರಿಗೆ ಇವತ್ತಿನ ಕತಿ ಲಗೂ ತಿಳೀತದ, ನೋಡ್ರೆವಾ. ಗ್ಯಾಸಿನ ಮ್ಯಾಲೇ ಅಡಿಗಿ ಕಲತವರು ಒಂಚೂರು ಸಾವಕಾಶ ಓದ್ರಿ. ಕತಿ ಅಮೇರಿಕಾದ್ದು, ಮೋಟಾರ್ ಗಾಡೀದು, 1960ರ ದಶಕದ್ದು. ‘ಇದು ಗಂಡಸರ ವಿಷಯ, ನಮಗ್ಯಾಕ’ ಅಂತ ಬಿಟ್ಟು ಹೋಗಬ್ಯಾಡ್ರಿ. ಇದರಾಗ ಒಲಿ ಅದ, ಕುಕ್ಕರಿನ ಗ್ಯಾಸ್ಕೆಟ್ ಅದ, ತೋರಿಕಿಗೆ ಅಂತ ಮಾಡಿದ್ದನ್ನ ಖರೇನ ಕೆಲಸಕ್ಕ ಹಚ್ಚಿದ ಮಂದಿ ಹಟಾನೂ ಅದ.

ಡೆಟ್ರಾಯಿಟ್ ಅಂದ್ರ ಅಮೇರಿಕಾದ ಮಿಶಿಗನ್ ರಾಜ್ಯದ ಊರು, ಗಾಡಿ ಕಾರ್ಖಾನಿಗಳ ತವರಮನಿ. ಅಲ್ಲಿಯ ವುಡ್‌ವರ್ಡ್ ಅವೆನ್ಯೂ ಅನ್ನೋ ರಸ್ತೇದಾಗ ಆಗಸ್ಟ್ ತಿಂಗಳದಾಗ ಹಳೇ ಗಾಡಿಗಳ ಜಾತ್ರಿ ಕೂಡ್ತದ. 1995ರಾಗ ಸುರು ಆದದ್ದು. ಅಲ್ಲಿ ಬರೋ ಎಷ್ಟೋ ಗಾಡಿಗಳ ಬಾನೆಟ್ ಮ್ಯಾಲೆ ಮೂಗಿನಂಗ ಒಂದು ಉಬ್ಬು ಇರ್ತದ. ಕೆಲವಕ್ಕ ಒಂದು, ಕೆಲವಕ್ಕ ಎರಡು. ನಾವು ಬಾನೆಟ್ ಅನ್ನೋದನ್ನ ಅವರು ಹುಡ್ ಅಂತಾರ, ಆ ಉಬ್ಬಿಗೆ ಹುಡ್ ಸ್ಕೂಪ್ ಅಂತಾರ. ಈ ಗಾಡಿಗಳಿಗೆ ಮಸಲ್ ಕಾರ್ ಅಂತ ಹೆಸರು. ನಡಗಾತ್ರದ ಮನಿ ಗಾಡಿಯೊಳಗ ದೊಡ್ಡ ಗಾಡೀದು ಇಂಜಿನ್ ತಂದು ಕೂಡಿಸಿದ್ರ ಮಸಲ್ ಕಾರ್ ಆತು. ಸಣ್ಣ ಹುಡುಗಗ ಪೈಲವಾನನ ಎದಿ ಕೊಟ್ಟಂಗ.

ಎದಿ ದೊಡ್ಡದಾದ ಮ್ಯಾಲೆ ಉಸುರೂ ದೊಡ್ಡದ ಬೇಕು. ಇಂಜಿನ್ ಅಂದ್ರ ಒಂದು ನಮೂನಿ ಒಲಿನ. ಪೆಟ್ರೋಲ್ ಕಟಗಿ ಇದ್ದಂಗ. ಎಷ್ಟ ಕಟಗಿ ಒಟ್ಟಿದ್ರೂ ಗಾಳಿ ಇಲ್ಲಂದ್ರ ಬರೇ ಹೊಗಿ, ಉರಿ ಇಲ್ಲ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರೀಬೇಕಂದ್ರ ಹೆಚ್ಚುಕಡಿಮಿ 15 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಾಗ ಹೇಳೋದಾದ್ರ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಮಾಳಗಿ ಮ್ಯಾಲೆ ಇಡೋ ಸಾವಿರ ಲೀಟರಿನ ನೀರಿನ ಟಾಕಿ ಇರ್ತದಲ್ಲ, ಅಂಥಾವು ಒಂಬತ್ತು! ನಮ್ಮ ಮಾರುತಿ 800ರ ಇಂಜಿನ್ 796 ಸಿಸಿ. ನಾ ಹೇಳೋ ಪಾಂಟಿಯಾಕ್ ಗಾಡೀದು 6.4 ಲೀಟರ್, ಅಂದ್ರ ಎಂಟು ಮಾರುತಿಗಳ ಹೊಟ್ಟಿ ಒಂದರಾಗ.

ಗಾಳಿ ಬೇಕಂದ್ರ ಬಾನೆಟ್ ಕೆಳಗ ಇದ್ದೇ ಅದಲ್ಲ, ಮ್ಯಾಲೆ ತೂತು ಯಾಕ? ಯಾಕಂದ್ರ ಆ ಗಾಳಿ ಬಿಸಿ. ಬ್ಯಾಸಿಗಿ ಮಧ್ಯಾಹ್ನ ಕಿಡಕಿ ಹಾಕ್ಕೊಂಡು ಅಡಿಗಿಮನ್ಯಾಗ ನಿಂತವರಿಗೆ ಹೇಳೋದೇನದ, ಉಸುರು ಕಟ್ತದ. ಬಿಸಿ ಆದ ಗಾಳಿ ಹಿಗ್ಗಿ ತೆಳ್ಳಗ ಆಗ್ತದ. ಹೊರಗ 25 ಡಿಗ್ರಿ ಇದ್ದು ಬಾನೆಟ್ ಒಳಗ 60 ಡಿಗ್ರಿ ಆಗಿದ್ರ, ಅದೇ ಒಂದು ಬುಟ್ಟಿಯಷ್ಟು ಗಾಳಿಯೊಳಗ ಹತ್ತರಾಗ ಒಂದು ಪಾಲು ಕಡಿಮಿ ಇರ್ತದ. ಇಂಜಿನ್ ತನ್ನ ಬುಟ್ಟಿ ತುಂಬಿಸ್ಕೊಂಡೆ ಅಂತ ತಿಳ್ಕೊಂಡಿರ್ತದ, ಬುಟ್ಟಿ ಖರೇನ ತುಂಬಿರೂದಿಲ್ಲ. ಹೊರಗಿನ ತಣ್ಣನ ಗಾಳಿ ಸೀದಾ ಕಾರ್ಬ್ಯುರೇಟರಿಗೆ, ಅಂದ್ರ ಗಾಳಿ-ಪೆಟ್ರೋಲ್ ಕಲಸೋ ಭಾಗಕ್ಕ ಮುಟ್ಟಿಸಿದ್ರ ಆ ಪಾಲು ತಿರುಗಿ ಬರ್ತದ. ಖರ್ಚಿಲ್ಲದ ಬಲ ಅದು.

ಈಗ ಇತಿಹಾಸಕ್ಕ ಬರೋಣು. ಪಾಂಟಿಯಾಕ್ ಅನ್ನೋದು ಜನರಲ್ ಮೋಟಾರ್ಸ್ ಕಂಪನೀದು ಒಂದು ಮನಿ. 1963ರಾಗ ದೊಡ್ಡ ಕಂಪನಿ ‘ಇನ್ನ ಮ್ಯಾಲೆ ನಮ್ಮವರು ಯಾರೂ ರೇಸಿಗೆ ಹೋಗಂಗಿಲ್ಲ’ ಅಂತ ಫರ್ಮಾನು ಹೊರಡಿಸ್ತು. ನಡಗಾತ್ರದ ಗಾಡಿಗೆ 330 ಘನ ಇಂಚಿಗಿಂತ ದೊಡ್ಡ ಇಂಜಿನ್ ಹಾಕಬಾರದು ಅಂತ ಕಟ್ಟಳೆನೂ ಇತ್ತು. ಪಾಂಟಿಯಾಕಿನ ಮುಖ್ಯ ಇಂಜಿನಿಯರ್ ಜಾನ್ ಡೆಲೋರಿಯನ್ ಮತ್ತ ಅವನ ಸಂಗಡಿಗರು ಒಂದು ಸಂದಿ ಹುಡಕಿದ್ರು. ಕಟ್ಟಳೆ ಇದ್ದದ್ದು ಗಾಡಿಗೆ; ಗಿರಾಕಿ ತಾನಾಗಿ ಕೇಳಿ ತಗೊಳ್ಳೋ ಜೋಡಣಿಗಲ್ಲ ಅಂತ. ಹಿಂಗಾಗಿ 1964ರಾಗ ಟೆಂಪೆಸ್ಟ್ ಗಾಡಿಗೆ 389 ಘನ ಇಂಚಿನ ಇಂಜಿನ್ ಕೂಡಿಸಿ, ಸುಮಾರು 296 ಡಾಲರಿನ ‘ಜಿಟಿಓ’ ಜೋಡಣಿ ಅಂತ ಮಾರಲಿಕ್ಕೆ ಇಟ್ಟರು. ಹೆಸರು ಇಟಲಿಯ ಫೆರಾರಿಯಿಂದ ಎತ್ತಿದ್ದು. 5,000 ಹೋದ್ರ ಸಾಕು ಅಂದವರಿಗೆ 32,450 ಗಾಡಿ ಹೋದವು.

ಮಜಾ ಕೇಳ್ರಿ, ಆ ಮೊದಲನೇ ಜಿಟಿಓದ ಬಾನೆಟ್ ಮ್ಯಾಲೆ ಎರಡು ಮೂಗು ಇದ್ದವು. ಎರಡೂ ಸುಳ್ಳು! ಹಿಂದ ತೂತಿಲ್ಲ, ಒಳಗ ಗಾಳಿ ಹೋಗಂಗಿಲ್ಲ. ಬರೇ ಚಂದಕ್ಕ. ಅದೇ ವರ್ಷ ಫೋರ್ಡ್ ಕಂಪನಿ ರೇಸಿನ ಸಲುವಾಗೆ ಥಂಡರ್‌ಬೋಲ್ಟ್ ಅಂತ ನೂರೇ ನೂರು ಗಾಡಿ ಕಟ್ಟಿತ್ತು. ಅದರಾಗ ಮುಂದಿನ ನಾಲ್ಕು ದೀಪದಾಗ ಒಳಗಿನ ಎರಡು ತಗದು, ಆ ಕಣ್ಣಿನ ಕುಳಿಯಿಂದ ದಪ್ಪ ಕೊಳವಿ ಹಾಕಿ ಇಂಜಿನ್ನಿಗೆ ಗಾಳಿ ಕೊಟ್ಟಿದ್ರು. ಅಲ್ಲೆ ಕಣ್ಣು ಕಿತ್ತು ಉಸುರು ಕೊಟ್ಟರು, ಇಲ್ಲೆ ಮೂಗು ಇದ್ದೂ ಉಸುರಿಲ್ಲ.

1965ರ ಜಿಟಿಓಕ್ಕ ನಡುವ ಒಂದೇ ದೊಡ್ಡ ಮೂಗು ಬಂತು. ಅದೂ ಮುಚ್ಚಿದ್ದೇ. ಆದ್ರ ಆ ವರ್ಷ ಆಗಸ್ಟಿನಾಗ ಪಾಂಟಿಯಾಕ್ ಒಂದು ಸಣ್ಣ ಗಂಟು ಮಾರಲಿಕ್ಕೆ ಬಿಟ್ಟಿತು. ಗಂಟಿನಾಗ ಏನಿತ್ತು ಅಂದ್ರ, ಪರಾತದಂಥಾ ಒಂದು ತಗಡಿನ ತಟ್ಟಿ ಮತ್ತ ಅದರ ಅಂಚಿಗೆ ಕೂಡೋ ಗ್ಯಾಸ್ಕೆಟ್. ಇಷ್ಟ. ಮೂರು ಕಾರ್ಬ್ಯುರೇಟರ್ ಸಾಲಿಗೆ ಕೂತಿರ್ತಿದ್ವು, ಅವುಗಳ ಸುತ್ತ ಈ ಪರಾತ ಕೂಡಿಸೋದು. ಬಾನೆಟ್ ಹಾಕಿದಾಗ ಗ್ಯಾಸ್ಕೆಟ್ ಕೆಳಗಿಂದ ಬಿಗಿಯಾಗಿ ಒತ್ತಿ ಕೂಡ್ತದ, ಕುಕ್ಕರಿನ ಮುಚ್ಚಳದ್ದು ಹೆಂಗೋ ಹಂಗ. ಮುಚ್ಚಿದ್ದ ಮೂಗಿನ ಬಾಯಿ ತೆರೆದ್ರ ಆತು. ಹೊರಗಿನ ಗಾಳಿ ಮೂಗಿನಿಂದ ಪರಾತಕ್ಕ, ಪರಾತದಿಂದ ಕಾರ್ಬ್ಯುರೇಟರಿಗೆ. ನಡುವ ಬಾನೆಟ್ ಕೆಳಗಿನ ಬಿಸಿ ಗಾಳಿ ಕೂಡಂಗಿಲ್ಲ. ಇದಕ್ಕ ‘ರ್‍ಯಾಮ್ ಏರ್’ ಅಂತ ಹೆಸರಾತು. ಗಾಡಿ ಮಾರೋ ಅಂಗಡಿಯವರು ಇದನ್ನ ಹಚ್ಚಿಕೊಡ್ತಿದ್ರು, ಕೈ ಪಳಗಿದ ಹುಡುಗರು ಮನಿ ಮುಂದ ತಾವ ಹಚ್ಚಿಕೊಂಡರು.

ಹಚ್ಚೋದು ಕೇಳಲಿಕ್ಕೆ ಸೋವಿ, ಮಾಡಲಿಕ್ಕೆ ಎದಿ ಗಟ್ಟಿ ಬೇಕು. ಇವತ್ತಿಗೂ ಹಳೇ ಗಾಡಿ ಸುಧಾರಿಸೋರು ಇದೇ ಕ್ರಮ ಹಿಡೀತಾರ. ಮೊದಲ ಎತ್ತರ ಅಳೀಬೇಕು. ಏರ್ ಫಿಲ್ಟರಿನ ಡಬ್ಬಿ ಮ್ಯಾಲೆ ಮೆತ್ತನ ಜೇಡಿಮಣ್ಣಿನ ಸಣ್ಣ ಸಣ್ಣ ಉಂಡಿ ಇಟ್ಟು ಬಾನೆಟ್ ಹಗೂರಕ ಹಾಕಿ ತೆಗಿಯೋದು. ಉಂಡಿ ಎಷ್ಟು ಚಪ್ಪಟಿ ಆತು ನೋಡಿದ್ರ ನಡುವ ಎಷ್ಟು ಜಾಗಾ ಅದ ಅನ್ನೋದು ತಿಳೀತದ. ಇಂಜಿನ್ ಜೋರು ಮಾಡಿದಾಗ ತನ್ನ ಕಾಲಮ್ಯಾಲೆ ಅಲುಗಾಡ್ತದ, ಅದಕ್ಕೂ ಜಾಗಾ ಬಿಡಬೇಕು. ಆಮ್ಯಾಲೆ ಕಾಗದದ ಅಚ್ಚು ಇಟ್ಟು ಗೆರಿ ಹಾಕೋದು, ಕುಬಸಾ ಕತ್ತರಿಸೋ ಮೊದಲ ಹಾಕ್ತೇವಲ್ಲ ಹಂಗ. ಬಾನೆಟ್ಟಿನ ಕೆಳಗ ಇನ್ನೊಂದು ಪದರು ತಗಡಿನ ಪಟ್ಟಿ ಇರ್ತಾವ, ಬಲಕ್ಕ ಅಂತ. ಅವನ್ನ ಲೆಕ್ಕಿಲ್ಲದ ಕತ್ತರಿಸಿದ್ರ ಬಾನೆಟ್ ಗಾಳಿಗೆ ನಡುಗಲಿಕ್ಕೆ ಹತ್ತತದ. ಕತ್ತರಿಸಿದ ಅಂಚು ಉಜ್ಜಿ, ತುಕ್ಕು ಹಿಡೀಲಾರದಂಗ ಬಣ್ಣ ಹಚ್ಚಬೇಕು. ಕಡೀಕ ಪರಾತದ ತಳಕ್ಕ ಸಣ್ಣ ಕೊಳವಿ, ಮಳಿ ನೀರು ಹರದು ಹೋಗಲಿಕ್ಕೆ. ಫಿಲ್ಟರ್ ಇಡೋದಂತೂ ಮರೀಲೇಬಾರದು. ಮೂಗು ತೆರೆದ್ರ ಗಾಳಿ ಜೋಡಿ ಧೂಳೂ ಬರ್ತದ.

ಇಷ್ಟೆಲ್ಲಾ ಮಾಡಿದ್ರ ಲಾಭ ಆತೇನು? ಅರ್ಧ ಆತು. ಗಾಡಿ ಓಡೋ ಜೋರಿಗೆ ಗಾಳಿ ತಾನ ಒಳಗ ಒತ್ತತದ ಅಂತ ‘ರ್‍ಯಾಮ್’ ಅನ್ನೋ ಹೆಸರು. ಆದ್ರ ಲೆಕ್ಕಾ ಹಾಕಿದ್ರ ತಾಸಿಗೆ 100 ಕಿಲೋಮೀಟರ್ ಜೋರಿನಾಗೂ ಹೆಚ್ಚಿಗಿ ಬರೋ ಒತ್ತಡ ನೂರಕ್ಕ ಅರ್ಧ ಪಾಲಿನಷ್ಟ. 160ರಾಗೂ ನೂರಕ್ಕ ಒಂದೂಕಾಲು ಪಾಲು ಮುಟ್ಟಂಗಿಲ್ಲ. ಅದರ ಮ್ಯಾಲೆ ಇನ್ನೊಂದು ತೊಡಕು. ಹೊಳಿ ನಡುವ ನೀರು ಜೋರು, ದಂಡಿಗೆ ಸಾವಕಾಶ ಹರೀತದಲ್ಲ, ಹಂಗ ಬಾನೆಟ್ ತಗಡಿಗೆ ಹತ್ತಿ ಹರಿಯೋ ಗಾಳಿ ಸಾವಕಾಶದ್ದು. 1965ರ ಮೂಗು ಗಿಡ್ಡ, ಆ ಸಾವಕಾಶದ ಗಾಳಿಯೊಳಗ ಮುಳುಗಿತ್ತು. ಲಾಭ ಇದ್ದದ್ದು ಒತ್ತಡದಾಗಲ್ಲ, ತಂಪಿನಾಗ. ಇನ್ನ ಸದ್ದು! ಇಂಜಿನ್ ಗಾಳಿ ಎಳಕೊಳ್ಳೋ ಆ ಗುಡುಗು ಸೀದಾ ಬಾನೆಟ್ ಮ್ಯಾಲಿಂದ ಕೇಳ್ತಿತ್ತು. ಹರೇದ ಹುಡುಗರಿಗೆ ಅದರಾಗ ಅರ್ಧ ರೊಕ್ಕಾ ಮುಟ್ಟಿದಂಗ ಆಗ್ತಿತ್ತು.

ಶಾಣ್ಯಾತನ ಅಂದ್ರ ಶೆವ್ರೊಲೆ ಮಂದೀದು. ಅವರು ಮೂಗನ್ನ ಹಿಂದಕ್ಕ ತಿರುವಿದ್ರು. ಗಾಡಿ ಓಡುವಾಗ ಗಾಳಿ ಮುಂದಿನ ಕಾಜಿಗೆ ಬಡಿದು, ಕಾಜಿನ ಬುಡದಾಗ ಒತ್ತಿ ಕೂಡ್ತದ. ಅಲ್ಲಿಂದ ಎಳಕೊಂಡ್ರ ಗಾಳಿ ತಂಪೂ ಹೌದು, ಒತ್ತಡದ್ದೂ ಹೌದು. 1969ರ ಕಮಾರೊಕ್ಕ ಇಂಥಾ ಬಾನೆಟ್ ಸಿಗ್ತಿತ್ತು, ‘ಕೌಲ್ ಇಂಡಕ್ಷನ್’ ಅಂತಿದ್ರು. 1970ರ ಶೆವೆಲ್ ಗಾಡಿಯೊಳಗ ಕಾಜಿನ ಕಡೆ ಒಂದು ಸಣ್ಣ ಬಾಗಲ ಇತ್ತು. ಪೂರ್ತಿ ಎಕ್ಸಲರೇಟರ್ ತುಳಿದಾಗ ಇಂಜಿನ್ ಒಳಗಿನ ಎಳೆತ ಕಡಿಮಿ ಆಗ್ತದ, ಆವಾಗ ಆ ಬಾಗಲ ತಾನ ತೆರೀತಿತ್ತು.

ಉಳಿದವರೂ ಸುಮ್ಮ ಕೂಡಲಿಲ್ಲ. ಫೋರ್ಡ್ 1969ರ ಮಸ್ಟಾಂಗಿಗೆ ‘ಶೇಕರ್’ ಅಂತ ತಂದಿತು: ಮೂಗು ಬಾನೆಟ್ಟಿಗೆ ಅಲ್ಲ, ಇಂಜಿನ್ನಿಗೇ ಹಚ್ಚಿದ್ದು. ಬಾನೆಟ್ಟಿನ ತೂತಿನಿಂದ ಮ್ಯಾಲೆ ಬಂದು, ಇಂಜಿನ್ ನಡುಗಿದಂಗ ತಾನೂ ನಡುಗ್ತಿತ್ತು. ಪ್ಲಿಮತ್ ಕಂಪನಿಯ 1970ರ ಗಾಡಿಗಳಾಗ ‘ಏರ್ ಗ್ರ್ಯಾಬರ್’ ಇತ್ತು. ಒಳಗಿಂದ ಗುಂಡಿ ಒತ್ತಿದ್ರ ಬಾನೆಟ್ ಮ್ಯಾಲಿನ ಮುಚ್ಚಳ ಎದ್ದು ನಿಲ್ತಿತ್ತು, ಅದರ ಬಾಜೂಕ ಹಲ್ಲು ಕಿಸಿದ ಮೀನಿನ ಚಿತ್ರ! ಪಾಂಟಿಯಾಕಿನವರು 1969ರಾಗ ಚಾಲಕನ ಕೈಗೆ ಒಂದು ಹಿಡಿ ಕೊಟ್ಟರು. ಮಳಿ ಬಂದ್ರ ಮೂಗು ಮುಚ್ಚು, ನಿಂತ್ರ ತೆರಿ. ನನಗ ಕೇಳಿದ್ರ ಎಲ್ಲಾದಕ್ಕಿಂತ ಸಂಸಾರಸ್ಥರ ವಿಚಾರ ಅಂದ್ರ ಇದ.

ಇದರ ಇನ್ನೊಂದು ಮಗ್ಗಲನ್ನೂ ಹೇಳಬೇಕು. ಈ ಬಲಾ ಎಲ್ಲಾ ಹರೇದವರ ಕೈಗೆ ಅಗ್ಗದಾಗ ಸಿಕ್ತು, ರಾತ್ರಿ ವುಡ್‌ವರ್ಡ್ ರಸ್ತೇದಾಗೇ ಪಂದ್ಯಾ ಕಟ್ಟತಿದ್ರು. ಅಪಘಾತದ ಅಂಜಿಕಿಗೆ ವಿಮಾ ಕಂಪನಿಗಳು ಇಂಥಾ ಗಾಡಿಗಳ ಕಂತು ಏರಿಸಿದ್ವು. 1970ರಾಗ ಹೊಗಿ ಹತೋಟಿಗೆ ತರೋ ಕಾಯ್ದೆ ಬಂತು, 1971ರಿಂದ ಜನರಲ್ ಮೋಟಾರ್ಸ್ ಇಂಜಿನ್ನಿನ ಒತ್ತು ಇಳಿಸಿತು, 1973ರ ಅಕ್ಟೋಬರಿನಾಗ ಅರಬರು ಎಣ್ಣಿ ಕೊಡೂದಿಲ್ಲಂದ್ರು. 1974ರಾಗ ಆ ಕಾಲದ ಕಡೀ ಜಿಟಿಓ ಬಂತು. ಅದರ ಶೇಕರ್ ಮೂಗು ಖರೇನ ಉಸುರಾಡ್ತಿತ್ತು, ಆದ್ರ ಎದಿ 350 ಘನ ಇಂಚಿಗೆ ಇಳದಿತ್ತು. ಮೊದಲನೇದ್ದಕ್ಕ ದೊಡ್ಡ ಎದಿ, ಸುಳ್ಳು ಮೂಗು. ಕಡೀದಕ್ಕ ಖರೇ ಮೂಗು, ಸಣ್ಣ ಎದಿ. 7,058 ಮಾತ್ರ ಹೋದವು. 2010 ಬರೋದ್ರಾಗ ಪಾಂಟಿಯಾಕ್ ಅನ್ನೋ ಮನೀನ ಬಾಗಲಾ ಹಾಕಿತು.

ಈಗ ಅಂಥಾ ಗಾಡಿ ಇಟ್ಟುಕೊಂಡವರಿಗೆ ಬಿಡಸಲಾರದ ಕಗ್ಗಂಟು ಅಂದ್ರ, ಕಾರ್ಖಾನಿಯಿಂದ ಬಂದ ಮೂಲ ಬಾನೆಟ್ ಕತ್ತರಿಸಬೇಕೋ ಬ್ಯಾಡೋ. ಕತ್ತರಿಸಿದ ತಗಡು ಮೊದಲಿನಂಗ ಆಗೂದಿಲ್ಲ. ತಿಳುವಳಿಕಿ ಇದ್ದವರು ಹೊಸದಾಗಿ ಅದೇ ಅಚ್ಚಿನಾಗ ಮಾಡಿದ ಬಾನೆಟ್ ಕೊಂಡು ಅದನ್ನ ಕತ್ತರಿಸ್ತಾರ, ಹಳೇದನ್ನ ಕೌದಿಯೊಳಗ ಸುತ್ತಿದಂಗ ಸುತ್ತಿ ಜ್ವಾಪಾನ ಮಾಡಿ ಇಡ್ತಾರ. ಗಾಡೀನೂ ಉಸುರಾಡ್ತದ, ಹಿರೇರ ಕೈಕೆಲಸಾನೂ ಉಳೀತದ.

ಮುಂದ ಎಂದಾದ್ರೂ ಇಂಥಾ ಗಾಡಿ ಎದುರು ಸಿಕ್ರ, ಅದರ ಧಣಿಗೆ ಬಾನೆಟ್ ಎತ್ತಲಿಕ್ಕೆ ಹೇಳ್ರಿ. ಮೂಗಿನ ಕೆಳಗ ತೂತು ಅದನೋ, ಫಿಲ್ಟರಿನ ಸುತ್ತ ಗ್ಯಾಸ್ಕೆಟ್ಟಿನ ದಂಡಿ ಅದನೋ ನೋಡ್ರಿ. ಎರಡೂ ಇದ್ರ ಮೂಗು ಖರೇದ್ದು. ಬರೇ ಸಪಾಟ ತಗಡು ಕಂಡ್ರ, ಅದು ಮೂಗಲ್ಲವಾ, ಮೂಗುತಿ.